ಬೇಸಿಗೆಗೆ ಬಾಯಿ ಬಿಡುವ ಗೋಡೆ, ಮಳೆಗೆ ಊದುವ ಮಣ್ಣು

ಕಳೆದ ಯುಗಾದಿ ರಜೆ ಮುಗಿಸಿ ನಮ್ಮ ರೂಮ್‌ಮೇಟ್ ಹಾಸ್ಟೆಲಿಗೆ ವಾಪಸ್ ಬಂದಾಗ ಅವನ ಬ್ಯಾಗಲ್ಲಿ ಎರಡು ಗಂಟು ಇದ್ದವು. ಒಂದರಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಇನ್ನೊಂದರಲ್ಲಿ ಮಣ್ಣು. ರೊಟ್ಟಿ ಅವತ್ತು ರಾತ್ರಿಯೇ ಖಾಲಿ. ಮಣ್ಣಿನ ಕಥೆ ಇನ್ನೂ ಮುಗಿದಿಲ್ಲ. ಈ ಲೇಖನ ಅದರದ್ದೇ.

ಅವನದು ವಿಜಯಪುರ ಜಿಲ್ಲೆ, ಡೋಣಿ ನದಿ ಹರಿಯುವ ಎರೆ ಸೀಮೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ಅಲ್ಲಿ ಒಂದು ಮಾತಿದೆ. ಜೋಳಕ್ಕೆ ಅಷ್ಟು ಒಳ್ಳೆಯ ಮಣ್ಣು ಮನೆಗೆ ಒಳ್ಳೆಯದಲ್ಲ ಅನ್ನೋದು ಅವರಿಗೆ ಗೊತ್ತಾಗಿದ್ದು ಮನೆ ಕಟ್ಟಿದ ಮೇಲೆ. ಅವರಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ರಿಟೈರ್ ಆದಾಗ ಬಂದ ದುಡ್ಡಲ್ಲಿ ಒಂದು ಅಂತಸ್ತಿನ ಮನೆ ಕಟ್ಟಿಸಿದರು. ಗೃಹಪ್ರವೇಶ ಆದ ಮರು ಬೇಸಿಗೆಗೇ ನಡುಮನೆಯ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟಿತು. ಕಟ್ಟಿದ ಕಾಂಟ್ರಾಕ್ಟರ್ ಬಂದು ನೋಡಿ, "ಹೊಸಾ ಮನಿ ಅಲ್ರೀ ಸರ, ಕೂಡತದ. ಎರಡು ವರ್ಷದಾಗ ನಿಂತ ಹೋಗತದ" ಅಂದರು. ಸಿಮೆಂಟ್ ತುಂಬಿ, ಬಣ್ಣ ಬಳಿದು ಹೋದರು. ಮುಂದಿನ ಬೇಸಿಗೆಗೆ ಬಿರುಕು ಮತ್ತೆ ಬಾಯಿ ಬಿಟ್ಟಿತು, ತುಂಬಿದ್ದ ಸಿಮೆಂಟಿನ ಪಕ್ಕದಲ್ಲೇ.

ಅದನ್ನು ಸರಿಯಾಗಿ ಗಮನಿಸಿದವರು ಅವರವ್ವ. ಅವರು ಎಂಜಿನಿಯರಿಂಗ್ ಓದಿದವರಲ್ಲ. ಆದರೆ ಬಿರುಕಿಗೆ ಒಂದು ರೂಪಾಯಿ ನಾಣ್ಯ ಹೋಗುತ್ತಾ ಅಂತ ಹಬ್ಬ ಹಬ್ಬಕ್ಕೂ ತೂರಿಸಿ ನೋಡುತ್ತಿದ್ದರು. "ಬ್ಯಾಸಗ್ಯಾಗ ಎರಡು ರೂಪಾಯಿ ಹಿಡೀತದ, ಮಳಿಗಾಲದಾಗ ಒಂದೂ ಹಿಡಿಯಂಗಿಲ್ಲ" ಅನ್ನೋದು ಅವರ ಲೆಕ್ಕ. ನಮ್ಮ ಸ್ಕೇಲಿನಲ್ಲಿ ಹೇಳೋದಾದರೆ ಬೇಸಿಗೆಯಲ್ಲಿ ಸುಮಾರು 3 ಮಿಲಿಮೀಟರ್.

ಈ ವರ್ಷ ತುಳಸಿ ಲಗ್ನ ಆದ ಮೇಲೆ ಅಕ್ಕನ ಮದುವೆ. ಅದಕ್ಕೆ ಮುಂಚೆ ಗೋಡೆ ಒಡೆದು ಕಬ್ಬಿಣದ ಜಾಲರಿ ಹಾಕಿ ಗಟ್ಟಿ ಸಿಮೆಂಟ್ ತುಂಬೋಣ ಅಂತ ಅದೇ ಕಾಂಟ್ರಾಕ್ಟರ್ ಮತ್ತೆ ಹೇಳಿದ್ದರು. ಮದುವೆ ಖರ್ಚಿನ ನಡುವೆ ಅದಕ್ಕೂ ದುಡ್ಡು ಕೊಡಬೇಕಾ? ಕೊಟ್ಟರೆ ಬಿರುಕು ನಿಲ್ಲುತ್ತಾ? "ನೀ ಸಿವಿಲ್ ಓದಾಕ ಹತ್ತೀಯಲ್ಲ, ನೀನ ಹೇಳು" ಅಂತ ಅವರಪ್ಪ ಮಗನನ್ನು ಕೇಳಿದರು. ಅವನಿಗೆ ಉತ್ತರ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಅದಕ್ಕೇ ಅವನು ಹಿತ್ತಲಲ್ಲಿ ಮೊಣಕಾಲುದ್ದ ಅಗೆದು ಮಣ್ಣು ತಂದಿದ್ದ.

ನೀರಲ್ಲಿ ಒಂದು, ಸೀಮೆಎಣ್ಣೆಯಲ್ಲಿ ಒಂದು

ಸಾಯಿಲ್ ಲ್ಯಾಬಿನ ಸರ್ ಹತ್ತಿರ ಕೇಳಿದೆವು. ಅವರು ಕಷ್ಟದ ಮಷೀನ್ ಯಾವುದನ್ನೂ ಕೊಡಲಿಲ್ಲ. ಎರಡು ಅಳತೆಯ ಗಾಜಿನ ಸಿಲಿಂಡರ್ ಕೊಟ್ಟು, ಫ್ರೀ ಸ್ವೆಲ್ ಪರೀಕ್ಷೆ ಮಾಡಿ ಅಂದರು. ಇಂಡಿಯನ್ ಸ್ಟ್ಯಾಂಡರ್ಡ್ 2720ರ 40ನೇ ಭಾಗದಲ್ಲಿ ಇರೋದು ಇದೇ. ಒಣಗಿಸಿದ ಮಣ್ಣನ್ನು 425 ಮೈಕ್ರಾನ್ ಜರಡಿಯಲ್ಲಿ ಸೋಸಿ, 10 ಗ್ರಾಂನಂತೆ ಎರಡು ಪಾಲು ಮಾಡಬೇಕು. ಒಂದನ್ನು ಡಿಸ್ಟಿಲ್ಡ್ ವಾಟರ್‌ಗೆ, ಇನ್ನೊಂದನ್ನು ಸೀಮೆಎಣ್ಣೆಗೆ ಹಾಕಬೇಕು. ಕಲಕಿ, ಗಾಳಿ ಗುಳ್ಳೆ ಹೋಗಿಸಿ, ಕನಿಷ್ಠ 24 ಗಂಟೆ ಬಿಡಬೇಕು. ತಳದಲ್ಲಿ ಕೂತ ಮಣ್ಣು ಎಷ್ಟು ಮಿಲಿಲೀಟರ್ ಜಾಗ ಹಿಡಿದಿದೆ ಅಂತ ಓದಿಕೊಳ್ಳಬೇಕು. ಅಷ್ಟೇ.

ಸೀಮೆಎಣ್ಣೆ ಯಾಕೆ ಅಂದರೆ, ಅದರ ಅಣುವಿಗೆ ನೀರಿನ ಅಣುವಿನ ಹಾಗೆ ಪ್ಲಸ್ ತುದಿ, ಮೈನಸ್ ತುದಿ ಇಲ್ಲ. ಊದುವ ಜೇಡಿಮಣ್ಣು ನೀರನ್ನು ಒಳಗೆ ಎಳೆದುಕೊಳ್ಳುತ್ತೆ, ಸೀಮೆಎಣ್ಣೆಯನ್ನು ಎಳೆದುಕೊಳ್ಳಲ್ಲ. ಹಾಗಾಗಿ ಎರಡರ ನಡುವಿನ ವ್ಯತ್ಯಾಸವೇ ಊದುವಿಕೆಯ ಅಳತೆ.

ಮಾರನೇ ದಿನ ಹೋಗಿ ನೋಡಿದರೆ ಡೋಣಿ ಸೀಮೆಯ ಮಣ್ಣು ಸೀಮೆಎಣ್ಣೆಯಲ್ಲಿ 11 ಮಿಲಿಲೀಟರಿಗೆ ಕೂತಿತ್ತು, ನೀರಲ್ಲಿ 24ಕ್ಕೆ ಏರಿತ್ತು. 24ರಲ್ಲಿ 11 ಕಳೆದು, 11ರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಸುಮಾರು 118 ಪರ್ಸೆಂಟ್. ಇಂಡಿಯನ್ ಸ್ಟ್ಯಾಂಡರ್ಡ್ 1498ರ ಪ್ರಕಾರ 50ಕ್ಕಿಂತ ಕಡಿಮೆ ಇದ್ದರೆ ಊದುವ ಗುಣ ಕಡಿಮೆ, 50ರಿಂದ 100 ಮಧ್ಯಮ, 100ರಿಂದ 200 ಹೆಚ್ಚು, ಅದರ ಮೇಲೆ ಅತಿ ಹೆಚ್ಚು. ನಮ್ಮ ರೂಮ್‌ಮೇಟ್ ಮನೆ ನಿಂತಿರೋದು 'ಹೆಚ್ಚು' ಅನ್ನೋ ಸಾಲಲ್ಲಿ.

ಹೋಲಿಕೆಗೆ ಅಂತ ನಮ್ಮ ಕ್ಯಾಂಪಸ್ಸಿನ ಕೆಂಪು ಮಣ್ಣನ್ನೂ ಹಾಕಿದ್ದೆವು. ಅದು ನೀರಲ್ಲಿ 11, ಸೀಮೆಎಣ್ಣೆಯಲ್ಲಿ 12! ಉತ್ತರ ಮೈನಸ್ ಬಂತು. ಪ್ರಯೋಗ ಕೆಡಿಸಿದ್ವಿ ಅಂತ ಗಾಬರಿಯಾಗಿ ಮತ್ತೆ ಮಾಡಿದರೂ ಅಷ್ಟೇ. ಸರ್ ನಕ್ಕು, "ಕೆಟ್ಟಿಲ್ಲ, ಇದು ಕೇಯೊಲಿನೈಟ್ ಮಾಡೋ ಕೆಲಸ" ಅಂದರು. ಊದದ ಜೇಡಿ ಖನಿಜವಾದ ಕೇಯೊಲಿನೈಟ್‌ನ ಕಣಗಳು ಸೀಮೆಎಣ್ಣೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಸಡಿಲವಾಗಿ ಕೂರುತ್ತವೆ, ಹಾಗಾಗಿ ಅಲ್ಲೇ ಜಾಸ್ತಿ ಜಾಗ ಹಿಡಿಯುತ್ತವೆ. ಈ ಮೈನಸ್ ಗೊಂದಲ ಬೇಡ ಅಂತಲೇ ಬೆಂಗಳೂರಿನ ಐಐಎಸ್‌ಸಿಯ ಪ್ರೊ. ಎ. ಶ್ರೀಧರನ್ ಮತ್ತು ಮೈಸೂರಿನ ಪ್ರೊ. ಕೆ. ಪ್ರಕಾಶ್ ಅವರು ವ್ಯತ್ಯಾಸದ ಬದಲು ಅನುಪಾತ ನೋಡಿ ಅಂದರು. ನೀರಿನ ಅಳತೆಯನ್ನು ಸೀಮೆಎಣ್ಣೆಯ ಅಳತೆಯಿಂದ ಭಾಗಿಸಿ. ಒಂದಕ್ಕಿಂತ ಕಡಿಮೆ ಬಂದರೆ ಊದದ ಮಣ್ಣು, ಎರಡು ದಾಟಿದರೆ ಜೋರಾಗಿ ಊದುವ ಮಣ್ಣು. ನಮ್ಮ ಕ್ಯಾಂಪಸ್ ಮಣ್ಣಿಗೆ 0.92, ಡೋಣಿ ಮಣ್ಣಿಗೆ 2.18. ಟೆಕ್ಸ್ಟ್‌ಬುಕ್ಕಿನಲ್ಲಿ ಯಾವುದೋ ದೇಶದ ಹೆಸರುಗಳನ್ನೇ ಓದುತ್ತಿದ್ದ ನಮಗೆ, ಈ ಅನುಪಾತ ನಮ್ಮ ಪಕ್ಕದಲ್ಲೇ ಹುಟ್ಟಿದ್ದು ಅಂತ ತಿಳಿದು ಖುಷಿಯಾಯಿತು.

ರೊಟ್ಟಿ ಅಟ್ಟಿಯ ಲೆಕ್ಕ

ಹಾಗಾದರೆ ಒಂದು ಮಣ್ಣು ಊದೋದು, ಇನ್ನೊಂದು ಊದದೇ ಇರೋದು ಯಾಕೆ?

ಊದುವ ಜೇಡಿಮಣ್ಣಿನ ಮುಖ್ಯ ಖನಿಜದ ಹೆಸರು ಮಾಂಟ್‌ಮೊರಿಲೊನೈಟ್. ಫ್ರಾನ್ಸಿನ ಮಾಂಟ್‌ಮೊರಿಲಾನ್ ಅನ್ನೋ ಊರಿನಿಂದ ಬಂದ ಹೆಸರು. ಇದು ಸ್ಮೆಕ್ಟೈಟ್ ಅನ್ನೋ ಖನಿಜ ಕುಟುಂಬಕ್ಕೆ ಸೇರಿದ್ದು. ಅದರ ರಚನೆ ಅರ್ಥ ಮಾಡಿಕೊಳ್ಳೋಕೆ ಅವತ್ತು ಖಾಲಿ ಮಾಡಿದ ರೊಟ್ಟಿಯನ್ನೇ ನೆನಪಿಸಿಕೊಳ್ಳಿ. ಖಡಕ್ ರೊಟ್ಟಿಯನ್ನು ಒಂದರ ಮೇಲೊಂದು ಅಟ್ಟಿ ಹಾಕಿದ ಹಾಗೆ ಇದರಲ್ಲಿ ತೆಳು ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಆ ಒಂದು ಹಾಳೆಯೊಳಗೆ ಮತ್ತೆ ಮೂರು ಪದರ: ಮೇಲೆ ಕೆಳಗೆ ಸಿಲಿಕಾ, ನಡುವೆ ಅಲ್ಯುಮಿನಾ.

ಈಗ ಮುಖ್ಯ ವಿಷಯ. ನಡುವಿನ ಪದರದಲ್ಲಿ ಅಲ್ಯುಮಿನಿಯಂ ಕೂರಬೇಕಾದ ಕೆಲವು ಜಾಗದಲ್ಲಿ ಮೆಗ್ನೀಸಿಯಂ ಬಂದು ಕೂತಿರುತ್ತೆ. ಅಲ್ಯುಮಿನಿಯಂ ಮೂರು ಪ್ಲಸ್, ಮೆಗ್ನೀಸಿಯಂ ಎರಡೇ ಪ್ಲಸ್. ಹಾಗಾಗಿ ಹಾಳೆಗೆ ಒಟ್ಟಾರೆ ಒಂದಿಷ್ಟು ಮೈನಸ್ ಚಾರ್ಜ್ ಉಳಿಯುತ್ತೆ. ಅದನ್ನು ಸರಿದೂಗಿಸೋಕೆ ಸೋಡಿಯಂ, ಕ್ಯಾಲ್ಸಿಯಂ ಥರದ ಪ್ಲಸ್ ಅಯಾನುಗಳು ಹಾಳೆಗಳ ಸಂದಿಯಲ್ಲಿ ಬಂದು ಸೇರುತ್ತವೆ. ಆದರೆ ಹಾಳೆಗಳ ನಡುವೆ ಹಿಡಿತ ಬಿಗಿಯಾಗಿಲ್ಲ. ನೀರು ಸಿಕ್ಕಿತು ಅಂದರೆ ಆ ಅಯಾನುಗಳು ನೀರನ್ನು ಸಂದಿಗೆ ಎಳೆದುಕೊಳ್ಳುತ್ತವೆ. ಒಣಗಿದ್ದಾಗ 1 ನ್ಯಾನೋಮೀಟರಿಗಿಂತ ತುಸು ಕಡಿಮೆ ಇದ್ದ ಅಂತರ, ಒಂದು ಪದರ ನೀರು ಬಂದರೆ ಸುಮಾರು 1.25, ಎರಡು ಪದರ ಬಂದರೆ 1.5 ದಾಟುತ್ತೆ. ಸಂದಿಯಲ್ಲಿ ಕ್ಯಾಲ್ಸಿಯಂ ಇದ್ದರೆ 1.9ರ ಆಸುಪಾಸಿಗೆ ನಿಲ್ಲುತ್ತೆ. ಸೋಡಿಯಂ ಇದ್ದರೆ ನಿಲ್ಲೋದೇ ಇಲ್ಲ, ಹಾಳೆಗಳು ಬಿಟ್ಟು ಬಿಟ್ಟು ದೂರ ಹೋಗುತ್ತವೆ. ಸೋಡಿಯಂ ಬೆಂಟೊನೈಟ್ ತನ್ನ ಒಣ ಗಾತ್ರದ ಹತ್ತು ಪಟ್ಟಿಗಿಂತಲೂ ಹೆಚ್ಚು ಊದಬಲ್ಲದು ಅನ್ನೋದಕ್ಕೆ ಕಾರಣ ಇದೇ.

ಕೇಯೊಲಿನೈಟ್‌ನಲ್ಲಿ ಹಾಳೆಗಳ ನಡುವೆ ಹೈಡ್ರೋಜನ್ ಬಂಧ ಗಟ್ಟಿಯಾಗಿದೆ, ನೀರಿಗೆ ಒಳಗೆ ಜಾಗವೇ ಇಲ್ಲ. ವ್ಯತ್ಯಾಸ ಎಷ್ಟು ಅಂದರೆ, ಒಂದು ಗ್ರಾಂ ಕೇಯೊಲಿನೈಟ್‌ನ ಮೇಲ್ಮೈ ಬಿಡಿಸಿ ಹಾಸಿದರೆ ಸುಮಾರು 10ರಿಂದ 20 ಚದರ ಮೀಟರ್, ಒಂದು ರೂಮಿನಷ್ಟು. ಒಂದು ಗ್ರಾಂ ಮಾಂಟ್‌ಮೊರಿಲೊನೈಟ್‌ನದು ಸುಮಾರು 800 ಚದರ ಮೀಟರ್. ಹೆಚ್ಚುಕಡಿಮೆ ಎರಡು ಬ್ಯಾಸ್ಕೆಟ್‌ಬಾಲ್ ಕೋರ್ಟ್ ಸೇರಿಸಿದಷ್ಟು!

ಅಂದಹಾಗೆ ಇದು ನಮಗೆ ಅಪರಿಚಿತ ಖನಿಜ ಅಲ್ಲ. ಹಾಸ್ಟೆಲಿನ ಭಾನುವಾರದ ಫೇಸ್‌ಪ್ಯಾಕ್, ಅಂದರೆ ಮುಲ್ತಾನಿ ಮಿಟ್ಟಿಯಲ್ಲೂ ಸಾಮಾನ್ಯವಾಗಿ ಇರೋದು ಇದೇ ಕುಟುಂಬದ ಜೇಡಿ. ಹಚ್ಚಿಕೊಂಡು ಒಣಗಿದಾಗ ಮುಖ ಬಿಗಿದು ಬಿರುಕು ಬಿಡುತ್ತಲ್ಲ, ಎರೆ ಹೊಲ ಏಪ್ರಿಲ್‌ನಲ್ಲಿ ಮಾಡೋದೂ ಅದನ್ನೇ.

ಬೂದಿ ಕಲ್ಲಿನ ಪದರವಾದ ಕಥೆ

ಇದಿಷ್ಟೂ ಮಣ್ಣಿನ ಮಾತಾಯಿತು. ಆದರೆ ಜಿಯಾಲಜಿ ಕ್ಲಾಸಿನಲ್ಲಿ ಇದೇ ಹೆಸರು ಕಲ್ಲಿನ ಪಾಠದಲ್ಲೂ ಬಂದಾಗ ನಮಗೆ ಗೊಂದಲವಾಯಿತು. ಕಣಶಿಲೆಯಲ್ಲಿ, ಅಂದರೆ ನೀರಿನ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲಿನಲ್ಲಿ, ಊದುವ ಜೇಡಿ ಹೇಗೆ ಬಂತು?

ಮುಖ್ಯವಾಗಿ ಎರಡು ದಾರಿ. ಮೊದಲನೇದು ಜ್ವಾಲಾಮುಖಿ. ಸ್ಫೋಟದಲ್ಲಿ ಎದ್ದ ಬೂದಿ ನೂರಾರು ಕಿಲೋಮೀಟರ್ ಗಾಳಿಯಲ್ಲಿ ಹಾರಿ ಸಮುದ್ರದ ಮೇಲೆ ಬೀಳುತ್ತೆ, ತಳ ಸೇರುತ್ತೆ. ಬೂದಿಯಲ್ಲಿರೋದು ಬಹುಪಾಲು ಗಾಜು. ಆ ಗಾಜು ಸಮುದ್ರದ ನೀರಿನ ಜೊತೆ ಸೇರಿ ನಿಧಾನವಾಗಿ ಮಾಂಟ್‌ಮೊರಿಲೊನೈಟ್ ಆಗುತ್ತೆ. ಅದರ ಮೇಲೆ ಮತ್ತೆ ಕೆಸರು ಕೂರುತ್ತೆ, ಮತ್ತೊಂದು ಸ್ಫೋಟ, ಮತ್ತೊಂದು ಬೂದಿ ಪದರ. ಹೀಗೆ ಶೇಲ್ ಕಲ್ಲಿನ ನಡುನಡುವೆ ತೆಳುವಾದ ತಿಳಿ ಬಣ್ಣದ ಜೇಡಿ ಗೆರೆಗಳು. ಇದಕ್ಕೆ ಬೆಂಟೊನೈಟ್ ಅಂತ ಹೆಸರು. ಅಮೆರಿಕದ ವಯೋಮಿಂಗ್‌ನಲ್ಲಿ ಬೆಂಟನ್ ಶೇಲ್ ಅನ್ನೋ ಕಲ್ಲಿನ ಪದರದಿಂದ 1898ರಲ್ಲಿ ವಿಲ್ಬರ್ ನೈಟ್ ಇಟ್ಟ ಹೆಸರು ಇದು. ಒಂದು ಸ್ಫೋಟದ ಬೂದಿ ವಿಶಾಲ ಪ್ರದೇಶದ ಮೇಲೆ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬೀಳುವುದರಿಂದ, ಈ ಗೆರೆಗಳು ಭೂವಿಜ್ಞಾನಿಗಳಿಗೆ ಕ್ಯಾಲೆಂಡರಿನ ತಾರೀಖಿನ ಹಾಗೆ. ಒಳಗಿರುವ ಜಿರ್ಕಾನ್ ಹರಳಿನಿಂದ ವಯಸ್ಸನ್ನೂ ಲೆಕ್ಕ ಹಾಕುತ್ತಾರೆ. ನಮ್ಮ ದೇಶದಲ್ಲಿ ಬೆಂಟೊನೈಟ್ ಗಣಿ ಇರೋದು ಮುಖ್ಯವಾಗಿ ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾರ್ಮೇರ್ ಕಡೆ.

ಎರಡನೇ ದಾರಿ ನದಿ. ನೆಲದ ಮೇಲೆ ಕಲ್ಲು ಕೊಳೆತು ಜೇಡಿಯಾಗುತ್ತೆ, ಮಳೆ ನೀರು ಅದನ್ನು ಹೊತ್ತು ಸಮುದ್ರಕ್ಕೆ ಹಾಕುತ್ತೆ, ಅಲ್ಲಿ ಅದು ಶೇಲ್ ಆಗುತ್ತೆ. ಡೋಣಿ ಸೀಮೆಯ ಎರೆ ಮಣ್ಣು ಈ ದಾರಿಯ ಮೊದಲ ಮೆಟ್ಟಿಲಲ್ಲೇ ನಿಂತಿದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಡೆಕ್ಕನ್ ಟ್ರ್ಯಾಪ್ ಲಾವಾ ಗಟ್ಟಿಯಾಗಿ ಬಸಾಲ್ಟ್ ಆಯಿತು. ಮಳೆ ಕಡಿಮೆ, ನೀರು ಸರಿಯಾಗಿ ಬಸಿಯದ ಜಾಗದಲ್ಲಿ ಆ ಬಸಾಲ್ಟ್ ಕೊಳೆತರೆ ಸಿಲಿಕಾ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಅಲ್ಲೇ ಉಳಿಯುತ್ತೆ, ಸ್ಮೆಕ್ಟೈಟ್ ಹುಟ್ಟುತ್ತೆ. ಅದೇ ಬಸಾಲ್ಟ್ ಮೇಲೆ ಘಟ್ಟದಂಥ ಜೋರು ಮಳೆ ಬಿದ್ದರೆ ಅವೆಲ್ಲ ತೊಳೆದು ಹೋಗಿ ಕೇಯೊಲಿನೈಟ್, ಕೆಂಪು ಜಂಬಿಟ್ಟಿಗೆ ಉಳಿಯುತ್ತೆ. ಅಂದರೆ ಕಲ್ಲು ಒಂದೇ ಆದರೂ ಮಣ್ಣಿನ ಸ್ವಭಾವವನ್ನು ನಿರ್ಧರಿಸೋದು ಮಳೆ.

ಕಲ್ಲಿನೊಳಗೆ ಸೇರಿದ ಮೇಲೂ ಈ ಖನಿಜಕ್ಕೆ ಒಂದು ಆಯಸ್ಸಿದೆ. ಪದರಗಳು ಆಳಕ್ಕೆ ಹೂತು ಹೋದ ಹಾಗೆ ಶಾಖ ಏರುತ್ತೆ. ಸುಮಾರು 60-100 ಡಿಗ್ರಿ ಸೆಲ್ಸಿಯಸ್ ದಾಟುತ್ತಾ ಹೋದಂತೆ ಸಂದಿಗೆ ಪೊಟ್ಯಾಸಿಯಂ ಸೇರಿ, ನೀರು ಹೊರಗೆ ಹೋಗಿ, ಸ್ಮೆಕ್ಟೈಟ್ ನಿಧಾನವಾಗಿ ಇಲ್ಲೈಟ್ ಅನ್ನೋ ಊದದ ಖನಿಜವಾಗಿ ಬದಲಾಗುತ್ತೆ. ಅದಕ್ಕೇ ತುಂಬಾ ಹಳೆಯ, ತುಂಬಾ ಆಳಕ್ಕೆ ಹೋಗಿಬಂದ ಶೇಲ್‌ಗಳಲ್ಲಿ ಊದುವ ಜೇಡಿ ಕಡಿಮೆ. ಆಳಕ್ಕೆ ಹೋಗದ, ಹೋಲಿಕೆಯಲ್ಲಿ ಎಳೆಯ ಪದರಗಳಲ್ಲಿ ಅದು ಹಾಗೇ ಉಳಿದಿರುತ್ತೆ.

ಇಂಥ ಪದರದ ಮೇಲೆ ಊರೇ ಕಟ್ಟಿದರೆ? ಅಮೆರಿಕದ ಕೊಲೊರಾಡೋದಲ್ಲಿ ಡೆನ್ವರ್ ನಗರದ ಪಶ್ಚಿಮದ ಬಡಾವಣೆಗಳ ಕೆಳಗೆ ಪಿಯರ್ ಶೇಲ್ ಇದೆ. ಡೈನೋಸಾರ್ ಕಾಲದ ಕೊನೆಯಲ್ಲಿ ಅಲ್ಲಿದ್ದ ಸಮುದ್ರದ ತಳದ ಕೆಸರು, ನಡುನಡುವೆ ಬೆಂಟೊನೈಟ್. ರಾಕಿ ಪರ್ವತ ಎದ್ದಾಗ ಅಡ್ಡ ಮಲಗಿದ್ದ ಪದರಗಳು ಪರ್ವತದ ಬುಡದಲ್ಲಿ ಕಡಿದಾಗಿ ಎದ್ದು ನಿಂತವು, ಶೆಲ್ಫಿನಲ್ಲಿ ಪುಸ್ತಕ ಜೋಡಿಸಿದ ಹಾಗೆ. ಆ ಪುಸ್ತಕಗಳ ಬೆನ್ನಿನ ಮೇಲೆ ಮನೆ ಕಟ್ಟಿದರು. ಒಂದು ಪದರ ಊದುತ್ತೆ, ಪಕ್ಕದ್ದು ಊದಲ್ಲ. ರಸ್ತೆಯಲ್ಲಿ ಉದ್ದಕ್ಕೆ ದಿಬ್ಬ ಏಳುತ್ತೆ, ಒಂದೇ ಮನೆಯ ಒಂದು ಪಕ್ಕ ಮೇಲೇಳುತ್ತೆ. ಹೀಗಾಗಿ ಅಲ್ಲಿನ ಜೆಫರ್ಸನ್ ಕೌಂಟಿಯಲ್ಲಿ ಇಂಥ ಪ್ರದೇಶವನ್ನು ಗುರುತಿಸಿ, ಅಲ್ಲಿ ಕಟ್ಟೋಕೆ ಬೇರೆಯೇ ನಿಯಮ ಮಾಡಿದರು.

ವಾಯೋಂತ್: ಕೆಲವು ಸೆಂಟಿಮೀಟರ್ ಜೇಡಿ

ಮನೆ ಬಿರುಕು ಬಿಡೋದು ಸಣ್ಣ ವಿಷಯ ಅಂತ ಅನ್ನಿಸಬಹುದು. ಹಾಗಾಗಿ ಇನ್ನೊಂದು ಘಟನೆ ಹೇಳಲೇಬೇಕು. ಸಿವಿಲ್ ಓದುವವರು ಒಮ್ಮೆಯಾದರೂ ಓದಬೇಕಾದದ್ದು.

ಇಟಲಿಯ ಉತ್ತರದಲ್ಲಿ ವಾಯೋಂತ್ ಅನ್ನೋ ಕಿರಿದಾದ ಕಣಿವೆ. ಅಲ್ಲಿ ಸುಮಾರು 262 ಮೀಟರ್ ಎತ್ತರದ ಕಾಂಕ್ರೀಟ್ ಕಮಾನು ಅಣೆಕಟ್ಟು ಕಟ್ಟಿದರು. ಆ ಕಾಲಕ್ಕೆ ಜಗತ್ತಿನ ಅತಿ ಎತ್ತರದ ಅಣೆಕಟ್ಟುಗಳಲ್ಲಿ ಒಂದು. 1960ರಲ್ಲಿ ನೀರು ತುಂಬುತ್ತಿದ್ದಾಗಲೇ ಪಕ್ಕದ ಟೋಕ್ ಬೆಟ್ಟದ ಮೇಲೆ ಸುಮಾರು 2 ಕಿಲೋಮೀಟರ್ ಉದ್ದದ ಬಿರುಕು ಕಾಣಿಸಿತು. ನವೆಂಬರ್ 4ರಂದು ಒಂದಿಷ್ಟು ಭಾಗ ಜರಿದು ನೀರಿಗೆ ಬಿತ್ತು. ಎಂಜಿನಿಯರುಗಳು ಸುಮ್ಮನೆ ಕೂರಲಿಲ್ಲ, ಅಳೆದರು. ನೀರು ಏರಿಸಿದರೆ ಬೆಟ್ಟದ ಚಲನೆ ಜೋರಾಗುತ್ತೆ, ಇಳಿಸಿದರೆ ನಿಧಾನವಾಗುತ್ತೆ ಅಂತ ಕಂಡುಕೊಂಡರು. ಹಾಗಾದರೆ ನೀರಿನ ಮಟ್ಟದಿಂದಲೇ ಬೆಟ್ಟವನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಅಂತ ನಂಬಿದರು. ಅಲ್ಲಿನ ಜನರ ಭಯವನ್ನು ಪತ್ರಿಕೆಯಲ್ಲಿ ಬರೆದ ತೀನಾ ಮೆರ್ಲಿನ್ ಅನ್ನೋ ಪತ್ರಕರ್ತೆಯ ಮೇಲೆ ಸುಳ್ಳು ಸುದ್ದಿಯ ಕೇಸ್ ಹಾಕಲಾಯಿತು. ಕೋರ್ಟು ಆಕೆಯನ್ನು ಖುಲಾಸೆ ಮಾಡಿತು.

1963ರ ಅಕ್ಟೋಬರ್ 9, ರಾತ್ರಿ 10:39. ಸುಮಾರು 27 ಕೋಟಿ ಘನ ಮೀಟರ್ ಬೆಟ್ಟ ಒಂದು ನಿಮಿಷಕ್ಕೂ ಕಡಿಮೆ ಸಮಯದಲ್ಲಿ ಜಾರಿ ಜಲಾಶಯಕ್ಕೆ ಬಿತ್ತು. ನೀರು ಅಣೆಕಟ್ಟಿನ ತಲೆಯ ಮೇಲೆ ನೂರು ಮೀಟರಿಗೂ ಎತ್ತರಕ್ಕೆ ಎದ್ದು ಕೆಳಗಿನ ಕಣಿವೆಗೆ ಬಿತ್ತು. ಲೊಂಗರೋನೆ ಪಟ್ಟಣ ಹೆಚ್ಚುಕಡಿಮೆ ಅಳಿಸಿಹೋಯಿತು. ಸುಮಾರು 2000 ಜನ ಸತ್ತರು. ಅಣೆಕಟ್ಟು ಮಾತ್ರ ಮುರಿಯಲಿಲ್ಲ, ಇವತ್ತಿಗೂ ಅಲ್ಲೇ ನಿಂತಿದೆ. ಕಾಂಕ್ರೀಟಿನ ಲೆಕ್ಕ ಸರಿ ಇತ್ತು. ಬೆಟ್ಟದ ಲೆಕ್ಕ ತಪ್ಪಾಗಿತ್ತು.

ಬೆಟ್ಟ ಸುಣ್ಣಕಲ್ಲಿನದು, ಪದರ ಪದರವಾಗಿ ಕಣಿವೆಯ ಕಡೆಗೆ ವಾಲಿತ್ತು. ಜಾರಿದ್ದು ಯಾವುದರ ಮೇಲೆ ಅಂತ ವರ್ಷಗಟ್ಟಲೆ ವಾದ ನಡೆಯಿತು, ಜೇಡಿಯೇ ಇಲ್ಲ ಅಂದವರೂ ಇದ್ದರು. 1985ರಲ್ಲಿ ಹೆಂಡ್ರನ್ ಮತ್ತು ಪ್ಯಾಟನ್ ತಮ್ಮ ವಿವರವಾದ ವರದಿಯಲ್ಲಿ, ಸುಣ್ಣಕಲ್ಲಿನ ಪದರಗಳ ನಡುವೆ ತೆಳುವಾದ ಜೇಡಿ ಪದರಗಳಿದ್ದವು, ಅವುಗಳಲ್ಲಿ ಮಾಂಟ್‌ಮೊರಿಲೊನೈಟ್ ಗಣನೀಯವಾಗಿತ್ತು ಅಂತ ತೋರಿಸಿದರು. ದಪ್ಪ ಕೆಲವು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರ್, ಅಲ್ಲಲ್ಲಿ ಹತ್ತು ಸೆಂಟಿಮೀಟರಿನಷ್ಟು.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ವಾಯೋಂತ್‌ನಲ್ಲಿ ಜೇಡಿ ಊದಿ ಬೆಟ್ಟವನ್ನು ಎತ್ತಿ ಹಾಕಲಿಲ್ಲ. ಅದೇ ಖನಿಜದ ಇನ್ನೊಂದು ಮುಖ ಅಲ್ಲಿ ಕೆಲಸ ಮಾಡಿತು. ಸಂದಿಯಲ್ಲಿ ನೀರು ಹಿಡಿದ ಹಾಳೆಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ, ಒಮ್ಮೆ ಸವೆದರೆ ಘರ್ಷಣೆ ಇನ್ನೂ ಕಡಿಮೆ. ಜೊತೆಗೆ ಜೇಡಿ ನೀರನ್ನು ಆಚೆ ಬಿಡಲ್ಲ, ಹಾಗಾಗಿ ಅದರ ಸುತ್ತ ಕಲ್ಲಿನ ಸಂದಿಯಲ್ಲಿ ನೀರಿನ ಒತ್ತಡ ಕಟ್ಟಿಕೊಳ್ಳುತ್ತೆ, ಮೇಲಿನ ಕಲ್ಲಿನ ಭಾರವನ್ನು ಅಷ್ಟರಮಟ್ಟಿಗೆ ಹೊತ್ತು ಹಗುರ ಮಾಡುತ್ತೆ. ನೂರಾರು ಮೀಟರ್ ಕಲ್ಲನ್ನು ನೋಡಿದ ಕಣ್ಣಿಗೆ ನಡುವಿನ ನಾಲ್ಕು ಬೆರಳು ದಪ್ಪದ ಜೇಡಿ ಕಾಣಲಿಲ್ಲ. ಬೋರ್‌ಹೋಲ್ ಲಾಗ್ ಬರೆಯುವಾಗ ತೆಳು ಜೇಡಿ ಪದರವನ್ನು ಬಿಡಬೇಡಿ ಅಂತ ನಮ್ಮ ಮೇಡಂ ಯಾಕೆ ಅಷ್ಟು ಒತ್ತಿ ಹೇಳುತ್ತಾರೆ ಅಂತ ನಮಗೆ ಅರ್ಥವಾಗಿದ್ದು ಇದನ್ನು ಓದಿದ ಮೇಲೆ.

ಊದೋದೂ ಕೆಲಸಕ್ಕೆ ಬರುತ್ತೆ

ಇಷ್ಟೆಲ್ಲ ಬೈದ ಮೇಲೆ ಒಂದಿಷ್ಟು ಹೊಗಳಿಕೆಯೂ ನ್ಯಾಯ. ನಗರಗಳಲ್ಲಿ ಆಳದ ಪೈಲ್, ಡಯಾಫ್ರಮ್ ಗೋಡೆ ತೋಡುವಾಗ ಗುಂಡಿಯ ಪಕ್ಕ ಕುಸಿಯದಂತೆ ತುಂಬುವ ಬೂದು ಬಣ್ಣದ ಗಂಜಿ ಬೆಂಟೊನೈಟ್ ಸ್ಲರಿ. ಕಸದ ಲ್ಯಾಂಡ್‌ಫಿಲ್ ಕೆಳಗೆ ಕೊಳಚೆ ನೀರು ಇಂಗದಂತೆ ಹಾಸುವ ಹಾಳೆಯೊಳಗೂ ಇದೇ ಇರುತ್ತೆ. ಸ್ವೀಡನ್ನಿನಲ್ಲಿ ಬಳಸಿದ ಅಣು ಇಂಧನವನ್ನು ಆಳದ ಕಲ್ಲಿನಲ್ಲಿ ಹೂಳುವ ಯೋಜನೆಯಲ್ಲಿ, ತಾಮ್ರದ ಡಬ್ಬಿಯ ಸುತ್ತ ಬೆಂಟೊನೈಟ್ ತುಂಬುತ್ತಾರೆ. ನೀರು ಬಂದರೆ ಅದು ಊದಿ ತಾನೇ ಸಂದಿ ಮುಚ್ಚಿಕೊಳ್ಳುತ್ತೆ. ಮನೆಯ ಬಿರುಕಿಗೆ ಕಾರಣವಾದ ಗುಣವೇ ಅಲ್ಲಿ ಕಾವಲು. ತಪ್ಪು ಮಣ್ಣಿನದಲ್ಲ, ಅದನ್ನು ಕೇಳದೆ ಅದರ ಮೇಲೆ ಕಟ್ಟಿದವರದು.

ಮತ್ತೆ ಆ ಗೋಡೆಗೆ

ಈಗ ಅಪ್ಪನ ಪ್ರಶ್ನೆ. ಇದು ಮನೆ ಕೂರುತ್ತಿರೋದಾ?

ಅಲ್ಲ. ಉತ್ತರ ಅವ್ವನ ನಾಣ್ಯದಲ್ಲೇ ಇತ್ತು. ಪಾಯ ಸುಮ್ಮನೆ ಕೂರುತ್ತಿದ್ದರೆ ಬಿರುಕು ಅಗಲವಾಗುತ್ತಾ ಹೋಗಬೇಕು, ಇಲ್ಲವೇ ಒಂದು ಕಡೆ ನಿಲ್ಲಬೇಕು. ಬೇಸಿಗೆಗೆ ತೆರೆದು ಮಳೆಗೆ ಮುಚ್ಚಿಕೊಳ್ಳಬಾರದು. ಋತುವಿನ ಜೊತೆ ಉಸಿರಾಡುವ ಬಿರುಕು ಅಂದರೆ ಕೆಳಗಿನ ಮಣ್ಣು ಊದಿ ಕುಗ್ಗುತ್ತಿದೆ ಅಂತ.

ಸರ್ ಮನೆಯ ಸ್ಕೆಚ್ ಹಾಕಿಸಿ ಇನ್ನೊಂದು ಕೇಳಿದರು: "ಬಚ್ಚಲ ನೀರು ಎಲ್ಲಿ ಹೋಗುತ್ತೆ? ಮರ ಎಲ್ಲಿದೆ?" ಒಂದು ಮೂಲೆಯಲ್ಲಿ ಬಚ್ಚಲ ನೀರು ಗೋಡೆ ಪಕ್ಕದಲ್ಲೇ ಇಂಗುತ್ತಿತ್ತು. ಎದುರು ಮೂಲೆಯಲ್ಲಿ ದೊಡ್ಡ ಬೇವಿನ ಮರ. ಒಂದು ತುದಿ ವರ್ಷವಿಡೀ ಒದ್ದೆ, ಅಲ್ಲಿ ಮಣ್ಣು ಊದಿಕೊಂಡೇ ಇರುತ್ತೆ. ಇನ್ನೊಂದು ತುದಿಯಲ್ಲಿ ಬಿಸಿಲೂ ಬೇರೂ ಸೇರಿ ನೀರು ಹೀರುತ್ತವೆ, ಬೇಸಿಗೆಗೆ ಮಣ್ಣು ಕುಗ್ಗಿ ಆ ಮೂಲೆ ಇಳಿಯುತ್ತೆ. ನಡುವಿನ ಗೋಡೆ ಎರಡು ಕಡೆಯ ಎಳೆದಾಟದಲ್ಲಿ ಕಿಟಕಿ ಮೂಲೆಯಲ್ಲಿ ಸೀಳುತ್ತೆ. ಒಂದು ಅಂತಸ್ತಿನ ಮನೆ ಹಗುರ ಬೇರೆ. ಜೋರಾಗಿ ಊದುವ ಮಣ್ಣು ಕೆಳಗಿನಿಂದ ಒತ್ತುವ ಬಲ, ಅಂಥ ಮನೆ ಮೇಲಿಂದ ಒತ್ತುವ ಬಲಕ್ಕಿಂತ ಹೆಚ್ಚಾಗಬಹುದು. ಗಟ್ಟಿ ಸಿಮೆಂಟ್ ತುಂಬಿದರೆ ಮಳೆಗಾಲದಲ್ಲಿ ಬಿರುಕು ಮುಚ್ಚಿಕೊಳ್ಳೋಕೆ ಜಾಗ ಇರಲ್ಲ, ಗೋಡೆ ಪಕ್ಕದಲ್ಲಿ ಒಡೆಯುತ್ತೆ. ಆಗಿದ್ದೂ ಅದೇ.

ಕಟ್ಟುವ ಮುಂಚೆಯೇ ಕೇಳಿದ್ದರೆ ದಾರಿ ಇದ್ದವು. ರೂರ್ಕಿಯ ಸಿಬಿಆರ್‌ಐ ಸಂಸ್ಥೆ ಇಂಥ ಮಣ್ಣಿಗಾಗಿಯೇ ಅಂಡರ್-ರೀಮ್ಡ್ ಪೈಲ್ ರೂಪಿಸಿ ಬಳಕೆಗೆ ತಂದಿತು. ಮಳೆ ಬಿಸಿಲಿಗೆ ಮಣ್ಣು ಊದಿ ಕುಗ್ಗೋದು ಸಾಮಾನ್ಯವಾಗಿ ಮೇಲಿನ 3-3.5 ಮೀಟರಿನಲ್ಲಿ. ಅದನ್ನು ದಾಟಿ ಪೈಲ್ ಇಳಿಸಿ, ತುದಿಯನ್ನು ಗಡ್ಡೆಯ ಹಾಗೆ ಅಗಲ ಮಾಡಿ, ಕದಲದ ಮಣ್ಣಲ್ಲಿ ಮನೆಗೆ ಲಂಗರು ಹಾಕೋದು. ಇನ್ನೊಂದು, ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ತೋರಿಸಿದ ದಾರಿ. ಎರೆ ಮಣ್ಣಿನ ಮೇಲೆ ಸುಮಾರು ಒಂದು ಮೀಟರ್ ದಪ್ಪ ಊದದ ಆದರೆ ಅಂಟುಳ್ಳ ಮಣ್ಣು ಹಾಕಿ ದಮ್ಮಸು ಮಾಡಿದರೆ, ಕೆಳಗಿನ ಊದುವಿಕೆ ಮೇಲಕ್ಕೆ ಬರೋದು ಬಹಳ ಕಡಿಮೆಯಾಗುತ್ತೆ. ನಮ್ಮದೇ ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಇದನ್ನು ಬಳಸಿದ್ದಾರೆ. ಉತ್ತರ ಕರ್ನಾಟಕದ ಹಿರಿಯರು ಪಾಯದಲ್ಲಿ ಎರೆ ತೆಗೆದು ಗರಸು ತುಂಬಿಸಿ ಅನ್ನೋದರಲ್ಲೂ ಅರ್ಥ ಇದೆ. ಆದರೆ ಬರೀ ಸಡಿಲ ಗರಸಾದರೆ ನೀರು ಸುಲಭವಾಗಿ ಕೆಳಗಿಳಿದು ಎರೆಗೇ ಸೇರುತ್ತೆ, ಹಾಗಾಗಿ ಯಾವ ಗರಸು, ಎಷ್ಟು ದಮ್ಮಸು ಅನ್ನೋದು ಮುಖ್ಯ.

ಕಟ್ಟಿ ಆದ ಮನೆಗೆ ಮಾಡಬೇಕಾದದ್ದು ಒಂದೇ: ಮಣ್ಣಿನ ತೇವ ಏರಿಳಿಯದ ಹಾಗೆ ನೋಡಿಕೊಳ್ಳೋದು. ಪರಿಚಯದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಮನೆಗೆ ಹೋಗಿ ನೋಡಿ ಅದನ್ನೇ ಹೇಳಿದರು. ಜೂನ್ ಮಳೆಗೆ ಮುಂಚೆ ಬಚ್ಚಲ ನೀರಿಗೆ ಪೈಪ್ ಹಾಕಿ ದೂರ ಬಿಟ್ಟರು. ಮನೆ ಸುತ್ತ ಒಂದೂವರೆ ಮೀಟರ್ ಅಗಲ, ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಸಿದರು. ಬೇವಿನ ಮರ ಕಡಿಯೋದು ಬೇಡ ಅಂದರು, ಒಮ್ಮೆಗೇ ಕಡಿದರೆ ಅಲ್ಲಿ ಒಣಗಿದ್ದ ಮಣ್ಣು ನೀರು ಹಿಡಿದು ಮತ್ತೆ ಊದುತ್ತೆ. ಅವ್ವ ಹೇಗೂ ಕಡಿಯೋಕೆ ಬಿಡುತ್ತಿರಲಿಲ್ಲ. ಬಿರುಕಿಗೆ ಸಿಮೆಂಟ್ ಹಾಕಲಿಲ್ಲ.

ದಸರೆಗೆ ಅವನು ಊರಿಗೆ ಹೋದಾಗ ನಾವು ಮೊದಲು ಕೇಳಿದ್ದು ನಾಣ್ಯದ ಬಗ್ಗೆ. ಒಂದು ರೂಪಾಯಿಯೂ ಹೋಗಲಿಲ್ಲವಂತೆ. ಆದರೆ ದಸರೆಗೆ ಪ್ರತಿ ವರ್ಷವೂ ಹೋಗುತ್ತಿರಲಿಲ್ಲ, ಹಾಗಾಗಿ ಇದು ಯಾವುದಕ್ಕೂ ಸಾಕ್ಷಿಯಲ್ಲ. ಬಿರುಕಿನ ಮೇಲೆ ಪರದೆ ಕಟ್ಟಿ ಅಕ್ಕನ ಮದುವೆ ಮಾಡೋದು ಅಂತ ತೀರ್ಮಾನ ಆಗಿದೆ. ಉಳಿದ ದುಡ್ಡು ಮದುವೆ ಊಟಕ್ಕೆ. ನಿಜವಾದ ಪರೀಕ್ಷೆ ಮುಂದಿನ ಯುಗಾದಿಗೆ. ಎರಡು ನಾಣ್ಯ ಹಿಡಿಯುವಲ್ಲಿ ಒಂದೇ ಹಿಡಿದರೂ ನಮ್ಮ ಮಟ್ಟಿಗೆ ಅದು ಪಾಸ್.

ನಿಮ್ಮ ಊರಲ್ಲೂ ಯಾರಾದರೂ ಮನೆ ಕಟ್ಟುವ ಮಾತಾಡುತ್ತಿದ್ದರೆ, ಮುಂದಿನ ರಜೆಯಿಂದ ಬರುವಾಗ ಒಂದು ಹಿಡಿ ಮಣ್ಣು ತನ್ನಿ. ಎರಡು ಸಿಲಿಂಡರ್, ಒಂದಿಷ್ಟು ಸೀಮೆಎಣ್ಣೆ, 24 ಗಂಟೆ ಸಾಕು. ರೊಟ್ಟಿ ತಂದರೂ ಬೇಡ ಅನ್ನಲ್ಲ.